ಪದಚರ್ಚೆ: ‘ಮೈಂಡ್‌ಫುಲ್‌ನೆಸ್’ ಮತ್ತು ‘ನ್ಯೂರೋಫೀಡ್‌ಬ್ಯಾಕ್’ – ಅರೆತಲೆನೋವಿನ ಕೈಪಿಡಿಗೆ ಒಪ್ಪುವ ಕನ್ನಡ ಯಾವುದು?

ಮಾನ್ಯರೇ,

ಮೈಗ್ರೇನ್‌ನಿಂದ ಬಳಲುವವರಿಗಾಗಿ ಕನ್ನಡದಲ್ಲೊಂದು ಕಿರು ಕೈಪಿಡಿಯನ್ನು ಸಿದ್ಧಪಡಿಸುತ್ತಿದ್ದೇನೆ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಸುಮಾರು 25 ಮಂದಿಗೆ ವರ್ಷದಲ್ಲಿ ಒಮ್ಮೆಯಾದರೂ ಈ ನೋವು ಬರುತ್ತದೆ. ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಸಾಮಾನ್ಯ ನೋವುನಿವಾರಕಗಳನ್ನೇ ನುಂಗುತ್ತ ಹೋದರೆ ಆ ಮಾತ್ರೆಗಳಿಂದಲೇ ತಲೆನೋವು ಹೆಚ್ಚುವುದೂ ಉಂಟು. ಆದ್ದರಿಂದ ಔಷಧದ ಜೊತೆಗೆ ನೆರವಾಗಬಹುದಾದ ಅಭ್ಯಾಸಗಳನ್ನು ರೋಗಿಗೆ ಅರ್ಥವಾಗುವ ಮಾತಿನಲ್ಲಿ ಹೇಳುವುದು ಅಗತ್ಯವೆಂದು ನನಗೆ ಅನ್ನಿಸಿದೆ. ತೊಡಕಾಗಿರುವುದು ಆ ಮಾತುಗಳೇ.

‘ಮೈಗ್ರೇನ್’ ವಿಷಯದಲ್ಲಿ ಚಿಂತೆಯಿಲ್ಲ. ಮೂಲದ ಗ್ರೀಕ್ ಪದಕ್ಕೂ ಸುಶ್ರುತನ ‘ಅರ್ಧಾವಭೇದಕ’ಕ್ಕೂ ನಮ್ಮ ‘ಅರೆತಲೆನೋವಿ’ಗೂ ಹೊಳೆದದ್ದು ಒಂದೇ: ತಲೆಯ ಅರ್ಧ ಭಾಗ. ನೋವು ಕೆಲವರಿಗೆ ತಲೆಯ ಎರಡೂ ಬದಿಗೆ ಬರುವುದಾದರೂ ಪದ ನೆಲೆಗೊಂಡಿದೆ. ಆದರೆ ‘ಕ್ರಾನಿಕ್’ ಎಂಬುದಕ್ಕೆ ‘ದೀರ್ಘಕಾಲಿಕ’ ಎಂದು ಬರೆದರೆ ಓದುಗರು ಒಂದೊಂದು ಸಲದ ನೋವೂ ದೀರ್ಘವಾಗಿರುತ್ತದೆಂದು ತಿಳಿಯುತ್ತಾರೆ. ಚಿಕಿತ್ಸೆಯಿಲ್ಲದಿದ್ದರೆ 4ರಿಂದ 72 ಗಂಟೆ ಕಾಡುವುದು ಯಾವ ಮೈಗ್ರೇನ್‌ಗೂ ಇರುವ ಲಕ್ಷಣ. ‘ಕ್ರಾನಿಕ್’ ಎನ್ನಿಸಿಕೊಳ್ಳಲು ಮೂರು ತಿಂಗಳಿಗೂ ಮೀರಿ, ತಿಂಗಳಿಗೆ 15 ದಿನವಾದರೂ ತಲೆನೋವಿದ್ದು, ಅದರಲ್ಲಿ 8 ದಿನವಾದರೂ ಮೈಗ್ರೇನ್ ಸ್ವರೂಪದ್ದಾಗಿರಬೇಕು. ಸದ್ಯಕ್ಕೆ ‘ಬೆನ್ನುಬಿಡದ ಅರೆತಲೆನೋವು’ ಎಂದು ಬರೆದುಕೊಂಡಿದ್ದೇನೆ.

ನಿಜವಾಗಿ ನಿಂತುಹೋಗಿರುವುದು ‘ಮೈಂಡ್‌ಫುಲ್‌ನೆಸ್’ ಎಂಬಲ್ಲಿ, ಅಂದರೆ ಈ ಕ್ಷಣದ ಉಸಿರನ್ನೂ ಅನುಭವವನ್ನೂ ಒಳ್ಳೆಯದು ಕೆಟ್ಟದ್ದೆಂದು ತೂಗದೆ ಗಮನಿಸುವ ಅಭ್ಯಾಸದ ಹೆಸರಿನಲ್ಲಿ. ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯ ‘ಸತಿ’, ಅಂದರೆ ಸಂಸ್ಕೃತದ ‘ಸ್ಮೃತಿ’, 19ನೆಯ ಶತಮಾನದಲ್ಲಿ ಪಾಲಿ ವಿದ್ವಾಂಸ ರೀಸ್ ಡೇವಿಡ್ಸ್ ಅವರ ಅನುವಾದದ ಮೂಲಕ ಈ ಇಂಗ್ಲಿಷ್ ರೂಪ ಪಡೆಯಿತು. 1979ರಲ್ಲಿ ಜಾನ್ ಕಬಟ್-ಜಿನ್ ಅವರು ಮ್ಯಾಸಚೂಸೆಟ್ಸ್‌ನಲ್ಲಿ ಅದನ್ನು ಎಂಟು ವಾರಗಳ ತರಬೇತಿಯಾಗಿ ಆಸ್ಪತ್ರೆಗೆ ತಂದರು. ‘ಸ್ಮೃತಿ ತಪ್ಪಿತು’, ‘ಎಚ್ಚರ ತಪ್ಪಿತು’ ಎಂಬ ಎರಡನ್ನೂ ನಾವು ಒಂದೇ ಅರ್ಥದಲ್ಲಿ ಆಡುವುದರಿಂದ ‘ಎಚ್ಚರ’ವೇ ಸರಿಯಾದ ಪದವೆಂದು ಮೊದಲು ನಂಬಿದ್ದೆ. ಇಪ್ಪತ್ತು ವರ್ಷಗಳಿಂದ ಈ ನೋವು ಉಣ್ಣುತ್ತಿರುವ ನನ್ನ ಅಕ್ಕನಿಗೆ ಕರಡನ್ನು ಓದಿ ಹೇಳಿದೆ. ಹಣೆಗೆ ಶುಂಠಿ ಗಂಧ ಹಚ್ಚಿ, ಬಟ್ಟೆ ಬಿಗಿದುಕೊಂಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದ್ದ ಅವಳು ‘ಎಚ್ಚರದಿಂದ ಉಸಿರಾಡಿ’ ಎಂಬ ಸಾಲಿಗೆ ಕಣ್ಣು ತೆರೆದು, ‘ಉಸಿರಾಡೋದರಲ್ಲಿ ಏನು ಅಪಾಯ ಇದೆಯೋ?’ ಎಂದು ಕೇಳಿದಳು. ‘ಎಚ್ಚರ’ಕ್ಕೆ ‘ದಿಂದ’ ಸೇರಿದೊಡನೆ ಅದು ಜಾಗ್ರತೆಯಾಗುತ್ತದೆ ಎಂಬುದು ನನಗೆ ತಿಳಿದದ್ದು ಆಗಲೇ.

‘ಧ್ಯಾನ’ವೂ ನಿರಪಾಯವಲ್ಲ. ‘ಅವನಿಗೆ ಹಗಲೂ ರಾತ್ರಿ ಅದರದೇ ಧ್ಯಾನ’ ಎನ್ನುವಾಗ ನಮ್ಮ ಮನಸ್ಸಿನಲ್ಲಿರುವುದು ಬಿಡಿಸಿಕೊಳ್ಳಲಾಗದ ಹಂಬಲ ಅಥವಾ ಚಿಂತೆ. ‘ನೋವನ್ನು ಧ್ಯಾನಿಸಿ’ ಎಂದರೆ ನೋವನ್ನೇ ಮೆಲುಕು ಹಾಕಿ ಎಂದಂತಾಗುತ್ತದೆ. ಈ ತರಬೇತಿ ಬಿಡಿಸಲು ಹೊರಟಿರುವುದು ಅದನ್ನೇ. ‘ಅರಿವು’ ನನಗೆ ಬಹಳ ಪ್ರಿಯವಾದ ಪದ, ಆದರೆ ವಚನಗಳಲ್ಲಿ ಅದು ಹೊತ್ತಿರುವ ತೂಕವನ್ನು ಎಂಟು ವಾರಗಳ ಅಭ್ಯಾಸದ ಮೇಲೆ ಹೊರಿಸಲು ಮನಸ್ಸು ಒಪ್ಪುವುದಿಲ್ಲ.

ನನ್ನ ಒಲವು ಈಗ ‘ಸಾವಧಾನ’ದ ಕಡೆಗಿದೆ. ಅವಧಾನದಿಂದ ಕೂಡಿದ್ದು ಎಂಬುದು ಅದರ ಮೂಲಾರ್ಥವಾದರೂ, ‘ಸಾವಧಾನವಾಗಿ ಮಾಡು’ ಎಂದಾಗ ಕನ್ನಡಿಗರು ಕೇಳಿಸಿಕೊಳ್ಳುವುದು ಆತುರಪಡದೆ ಮಾಡು ಎಂದು. ಗಮನ ಮತ್ತು ತಾಳ್ಮೆ ಎರಡೂ ಇಲ್ಲಿ ಬೇಕಾದವೇ. ಪದವು ಗುಣವಾಗುವ ಭರವಸೆಯನ್ನೂ ಕೊಡಬಾರದು: ಅಮೆರಿಕದಲ್ಲಿ 89 ಮಂದಿ ಮೈಗ್ರೇನ್ ರೋಗಿಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ತಲೆನೋವಿನ ಬಗ್ಗೆ ತಿಳಿವಳಿಕೆಯನ್ನಷ್ಟೇ ಪಡೆದವರಿಗಿಂತ ಈ ತರಬೇತಿ ಪಡೆದವರಿಗೆ ನೋವಿನ ದಿನಗಳೇನೂ ಹೆಚ್ಚಾಗಿ ಕಡಿಮೆಯಾಗಲಿಲ್ಲ, ಆದರೆ ನೋವಿನಿಂದ ಬದುಕು ಕುಂಟುವುದು ಮತ್ತು ಮನಸ್ಸು ಕುಗ್ಗುವುದು ಅವರಲ್ಲಿ ಹೆಚ್ಚು ತಗ್ಗಿತು. ಈ ವ್ಯತ್ಯಾಸವನ್ನು ‘ಸಾವಧಾನ’ ತಾಳಿಕೊಳ್ಳಬಲ್ಲದು.

‘ನ್ಯೂರೋಫೀಡ್‌ಬ್ಯಾಕ್’ಗೆ ‘ನರ ಹಿಮ್ಮಾಹಿತಿ’ ಎಂದು ಕಟ್ಟುವುದು ಸುಲಭ. ಆದರೆ ಆಡುಮಾತಿನಲ್ಲಿ ‘ನರ’ವೆಂದರೆ ಕೈಯಲ್ಲಿ ಉಬ್ಬಿ ಕಾಣುವ ರಕ್ತನಾಳವೂ ಹೌದು, ಕತ್ತಿನಲ್ಲಿ ಹಿಡಿದುಕೊಳ್ಳುವುದೂ ಹೌದು, ರೋಗಿಗೆ ಸೂಜಿಯ ನೆನಪಾದರೆ ಅಚ್ಚರಿಯಿಲ್ಲ. ಅಲ್ಲಿ ನಡೆಯುವುದಾದರೂ ಏನು? ನೆತ್ತಿಗೆ ಅಂಟು ಹಚ್ಚಿ ಪುಟ್ಟ ಬಿಲ್ಲೆಗಳನ್ನು ಕೂರಿಸುತ್ತಾರೆ. ಮಿದುಳಿನ ವಿದ್ಯುತ್ ಅಲೆಗಳು ಬೇಕಾದ ಮಟ್ಟಕ್ಕೆ ಬಂದಾಗ ಎದುರಿನ ಪರದೆಯ ಚಿತ್ರ ಚಲಿಸುತ್ತದೆ ಅಥವಾ ಸದ್ದು ಕೇಳಿಸುತ್ತದೆ. ಆ ಸುಳಿವನ್ನು ಹಿಡಿದು ಮಿದುಳು ಮೆಲ್ಲನೆ ಕಲಿಯುತ್ತದೆ. ಒಳಕ್ಕೆ ವಿದ್ಯುತ್ತೇನೂ ಹಾಯುವುದಿಲ್ಲ. ಹೀಗಾಗಿ ‘ಮಿದುಳಲೆ ತರಬೇತಿ’ ಸೂಕ್ತವೆಂದು ನನ್ನ ಭಾವನೆ. ಬೆರಳು ಬೆಚ್ಚಗಾಗುವುದನ್ನೋ ಸ್ನಾಯು ಸಡಿಲವಾಗುವುದನ್ನೋ ಯಂತ್ರದಲ್ಲಿ ನೋಡಿ ಕಲಿಯುವ ಹಳೆಯ ಬಯೋಫೀಡ್‌ಬ್ಯಾಕ್‌ಗೆ ಮೈಗ್ರೇನ್ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ಆಧಾರವಿರುವುದರಿಂದ ಎರಡನ್ನೂ ಒಂದೇ ಪದದಿಂದ ಕರೆಯಬಾರದು.

ತಮ್ಮಲ್ಲಿ ನನ್ನ ಪ್ರಶ್ನೆಗಳು ಮೂರು. ಮದುವೆಯಲ್ಲಿ ‘ಸುಮುಹೂರ್ತೇ ಸಾವಧಾನ’ ಎಂದು ಕೇಳುವ ಕಡೆಗಳಲ್ಲಿ, ಮುಖ್ಯವಾಗಿ ಉತ್ತರ ಕರ್ನಾಟಕದಲ್ಲಿ, ‘ಗಮನವಿಡು’ ಎಂಬ ಅರ್ಥ ದಿನದ ಮಾತಿನಲ್ಲೂ ಉಳಿದಿದೆಯೇ? ‘ಮಿದುಳಲೆ’ ಎಂಬ ಸಮಾಸ ಓದುವಾಗ ತೊಡರುತ್ತದೆಯೇ, ಅಥವಾ ‘ಮಿದುಳಿನ ಅಲೆ’ ಎಂದು ಬಿಡಿಸಿ ಬರೆಯುವುದೇ ಮೇಲೇ? ಬಿಟ್ಟುಬಿಟ್ಟು ಬರುವ ಅರೆತಲೆನೋವಿಗೂ ಬೆನ್ನುಬಿಡದ್ದಕ್ಕೂ ತಮ್ಮ ಊರಿನಲ್ಲಿ ಬೇರೆ ಬೇರೆ ಹೆಸರುಗಳಿದ್ದರೆ, ಅವು ಎಷ್ಟೇ ಸಣ್ಣ ಸೀಮೆಯ ಮಾತಾಗಿದ್ದರೂ, ದಯವಿಟ್ಟು ಬರೆದು ತಿಳಿಸಿ.