ಸಂಬಳದ ಮಿತಿ ಎಲ್ಲರಿಗೂ ಒಂದೇ, ಆದರೂ ಕೆಲವು ಎಎಫ್‌ಎಲ್ ಕ್ಲಬ್‌ಗಳಿಂದ ಆಟಗಾರರು ಕದಲಲ್ಲ, ಯಾಕೆ?

ಗೋಣಿಕೊಪ್ಪ_ಗೋಲಿ

ನನ್ನ ತಮ್ಮ ಮೆಲ್ಬರ್ನ್ ಸೇರಿದ ಮೇಲೆ ನನಗೂ ಆಸ್ಟ್ರೇಲಿಯನ್ ಫುಟ್‌ಬಾಲ್ ಹುಚ್ಚು ಹತ್ತಿದೆ, ಅದರ ದೊಡ್ಡ ಲೀಗೇ ಎಎಫ್‌ಎಲ್. ಮೊಟ್ಟೆ ಆಕಾರದ ಚೆಂಡು, ಒಂದೊಂದು ಕಡೆ 18 ಜನ, ನಾಲ್ಕು ಕಂಬ, ಅದೇ ಆಟ. ಸೆಪ್ಟೆಂಬರ್ ಕೊನೆಗೆ ಫೈನಲ್, ನಮ್ಮ ಟೈಮಲ್ಲಿ ಬೆಳಿಗ್ಗೆ 10ಕ್ಕೆ. ತೋಟದಲ್ಲಿ ಕೆಲಸ ಹಚ್ಚಿ ಬಂದು ಕೂತರೆ ಕರೆಂಟ್ ಇರಲ್ಲ, ಮೊಬೈಲೇ ಗತಿ. 2025ರಲ್ಲಿ ಬ್ರಿಸ್ಬೇನ್ ಜಿಲಾಂಗನ್ನು ಸೋಲಿಸಿದ ದಿನ ತಮ್ಮ ಫೋನಲ್ಲಿ ಹೇಳಿದ, ಹನ್ನೆರಡು ವರ್ಷದ ಹಿಂದೆ ಇದೇ ಬ್ರಿಸ್ಬೇನ್‌ನಿಂದ ಹುಡುಗರು ಗಂಟುಮೂಟೆ ಕಟ್ಟಿ ಓಡುತ್ತಿದ್ದರು ಅಂತ. ಈಗ ಅಲ್ಲಿಂದ ಕದಲೋಕೆ ಯಾರಿಗೂ ಮನಸ್ಸಿಲ್ಲ.

ಇದು ಹೇಗೆ ಆಗುತ್ತೆ? ದುಡ್ಡು ಸುರಿದು ಇಟ್ಟುಕೊಂಡರು ಅನ್ನೋ ಹಾಗೂ ಇಲ್ಲ. ಒಂದು ಕ್ಲಬ್ ಒಟ್ಟು ಎಷ್ಟು ಸಂಬಳ ಕೊಡಬಹುದು ಅನ್ನೋದಕ್ಕೆ 1987ರಿಂದ ಮಿತಿ ಇದೆ. ಹೊಸ ಹುಡುಗರನ್ನು ಡ್ರಾಫ್ಟ್‌ನಲ್ಲಿ ಹಂಚುತ್ತಾರೆ, ಕೊನೇ ಸ್ಥಾನದವರಿಗೆ ಮೊದಲ ಆಯ್ಕೆ. ಎಲ್ಲಾ ಸಮ ಮಾಡಿಟ್ಟ ಮೇಲೂ ಒಂದು ಕ್ಲಬ್ ಹುಡುಗರನ್ನು ಉಳಿಸಿಕೊಳ್ಳುತ್ತೆ, ಇನ್ನೊಂದು ಬೆಳೆಸಿ ಬೇರೆಯವರ ಕೈಗೆ ಕೊಡುತ್ತೆ.

ಕೇಳೋದರಲ್ಲಿ ನನ್ನ ಸ್ವಾರ್ಥವೂ ಇದೆ. ಇಲ್ಲಿ ನಾವು ಕೆಲವರು ಸೇರಿ ಹುಡುಗರಿಗೆ ಹಾಕಿ ಕಲಿಸುತ್ತೇವೆ, ಫೀಸ್ ಇಲ್ಲ, ಹೆಸರೂ ಇಲ್ಲ. ಆರನೇ ಕ್ಲಾಸಿಂದ ಆಡಿದ ನಮ್ಮ ಸೆಂಟರ್ ಹಾಫ್ ಹೋದ ತಿಂಗಳು ಬೇರೆ ಟೀಮಿಗೆ ಹೋದ. ಅವರು ಒಂದು ಜೊತೆ ಶೂ ಕೊಡಿಸಿದರಂತೆ. ಶೂ!

ವಿರಾಜಪೇಟೆ_ಟು_ಜಿಲಾಂಗ್

ಅಣ್ಣ, ನಾನು ಇರೋದೇ ಜಿಲಾಂಗ್‌ನಲ್ಲಿ, ಹಾಗಾಗಿ ಸ್ವಲ್ಪ ಪಕ್ಷಪಾತ ಇರುತ್ತೆ, ಕ್ಷಮಿಸಿ.

ಡ್ರಾಫ್ಟ್ ಅಂದರೆ ಏನು ಅಂತ ಮೊದಲು ನೋಡಿ. ಹದಿನೆಂಟು ವರ್ಷದ ಹುಡುಗ, ಎಲ್ಲಿಗೆ ಹೋಗಬೇಕು ಅಂತ ಅವನನ್ನು ಯಾರೂ ಕೇಳಲ್ಲ. ಹೆಸರು ಕರೆದವರ ಕಡೆಗೆ ಹೋಗಬೇಕು. ನಮ್ಮ ಮಡಿಕೇರಿ ಹುಡುಗನಿಗೆ ಬೀದರ್‌ಗೆ ಪೋಸ್ಟಿಂಗ್ ಬಂದ ಹಾಗೆ. ಕೆಲಸ ಚೆನ್ನಾಗೇ ಮಾಡುತ್ತಾನೆ, ಆದರೆ ಮೊದಲ ದಿನದಿಂದ ಟ್ರಾನ್ಸ್‌ಫರ್ ಯೋಚನೆ. ಮೆಲ್ಬರ್ನ್‌ನಿಂದ ಪರ್ತ್‌ಗೆ ವಿಮಾನದಲ್ಲೇ ನಾಲ್ಕು ಗಂಟೆ, ಭಾನುವಾರ ಅಮ್ಮನ ಕೈ ಅಡುಗೆ ಉಂಡು ಬರೋ ದೂರ ಅಲ್ಲ. ಹುಡುಗರಲ್ಲಿ ಜಾಸ್ತಿ ಜನ ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದವರು, ಅದಕ್ಕೆ ದೂರದ ಕ್ಲಬ್‌ಗಳಿಗೆ ಈ ಏಟು ಜಾಸ್ತಿ.

ಜಿಲಾಂಗ್‌ಗೆ ಇದೇ ಲಾಭ. ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ಇಲ್ಲೇ ಸಮುದ್ರದ ಪಕ್ಕದ ಮಾಗ್ಸ್ ಕ್ರೀಕ್‌ನವನು. ಅಡಿಲೇಡ್‌ಗೆ ಆಡಿ, ದೊಡ್ಡ ಹೆಸರು ಮಾಡಿ, 2015ರ ಕೊನೆಗೆ ಊರಿಗೆ ವಾಪಸ್ ಬಂದ, ಮುಂದಿನ ವರ್ಷವೇ ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋ ಬ್ರೌನ್‌ಲೋ ಪದಕ ಗೆದ್ದ. ಜೆರೆಮಿ ಕ್ಯಾಮರಾನ್ 2020ರ ಕೊನೆಗೆ ಸಿಡ್ನಿ ಕಡೆಯ ಜಿಡಬ್ಲ್ಯುಎಸ್ ಕ್ಲಬ್ ಬಿಟ್ಟು ಬಂದ. ಅವನು ಡಾರ್ಟ್‌ಮೂರ್ ಅನ್ನೋ ಸಣ್ಣ ಊರಿನವನು, ಇಲ್ಲಿ ಜಮೀನು ಮಾಡಿಕೊಂಡು ಆರಾಮಾಗಿದ್ದಾನೆ. ಪ್ರಾಕ್ಟೀಸ್ ಮುಗಿಸಿ ಹೋಗಿ ದನ ನೋಡಿಕೊಳ್ಳೋ ಸ್ಟಾರ್ ಆಟಗಾರ! ಮೆಲ್ಬರ್ನ್ ಒಂದು ಗಂಟೆ ದಾರಿ, ಆದರೆ ಆ ಗಲಾಟೆ ಇಲ್ಲ. ಹಳ್ಳಿಯಿಂದ ಬಂದ ಹುಡುಗನಿಗೆ ಇನ್ನೇನು ಬೇಕು ಹೇಳಿ.

ಸೋಮವಾರಪೇಟೆ_ಖಾರ

ಊರು, ದನ, ಸಮುದ್ರ ಎಲ್ಲಾ ಸುಮ್ನೆ. ಗೆಲ್ಲುವ ಕಡೆ ಜನ ಇರುತ್ತಾರೆ, ಅಷ್ಟೇ ವಿಷಯ. ಜಿಲಾಂಗ್ 2007, 2009, 2011, 2022ರಲ್ಲಿ ಕಪ್ ಗೆದ್ದಿದೆ. ಕೊನೇ ಸ್ಥಾನದಲ್ಲಿ ಕೊಳೆಯುತ್ತಿದ್ದರೆ ಎಷ್ಟು ದನ ಇದ್ದರೂ ಕ್ಯಾಮರಾನ್ ಬರುತ್ತಿದ್ದನಾ? ಗೋಲ್ಡ್ ಕೋಸ್ಟ್ ನೋಡಿ. 2011ರಲ್ಲಿ ಶುರುವಾದ ಕ್ಲಬ್, ಕಡಲತೀರ, ಬಿಸಿಲು, ಜನ ದುಡ್ಡು ಕೊಟ್ಟು ರಜೆಗೆ ಹೋಗೋ ಜಾಗ. 2016ರಲ್ಲಿ ಪ್ರೆಸ್ಟಿಯಾ, ಒಮೇರಾ ಹೋದರು. 2018ರಲ್ಲಿ ಟಾಮ್ ಲಿಂಚ್, ಸ್ಟೀವನ್ ಮೇ ಇಬ್ಬರೂ ಹೋದರು, ಇಬ್ಬರೂ ಕ್ಯಾಪ್ಟನ್! ಕ್ಯಾಪ್ಟನ್‌ಗಳೇ ಹಡಗಿಂದ ಇಳಿದರೆ ಉಳಿದವರ ಗತಿ?

ಇನ್ನೊಂದು, ನಿಮ್ಮ ಜಿಲಾಂಗ್ ಬಿಟ್ಟು ಗ್ಯಾರಿ ಆಬ್ಲೆಟ್ 2010ರ ಕೊನೆಗೆ ಅದೇ ಗೋಲ್ಡ್ ಕೋಸ್ಟ್‌ಗೆ ಹೋಗಲಿಲ್ವಾ? ಆಗ ಮಾಗ್ಸ್ ಕ್ರೀಕ್ ಗಾಳಿ ಬೀಸಲಿಲ್ವಾ?

ವಿರಾಜಪೇಟೆ_ಟು_ಜಿಲಾಂಗ್

ಹೋದ, ನಿಜ. ಹೋದ ಮುಂದಿನ ವರ್ಷವೇ ಜಿಲಾಂಗ್ ಕಪ್ ಗೆದ್ದಿತು, ಅದನ್ನೂ ಬರೆಯಿರಿ. 2018ಕ್ಕೆ ಅವನೂ ವಾಪಸ್ ಬಂದ. ಜಗಳ ಮಾಡಿ ಕಳಿಸಿದ್ದರೆ ಬರುತ್ತಿದ್ದನಾ?

ನಿಮ್ಮ ಗೋಲ್ಡ್ ಕೋಸ್ಟ್ ಕಥೆಯೂ ಅರ್ಧಕ್ಕೇ ನಿಂತಿದೆ. 2019ರ ಡ್ರಾಫ್ಟ್‌ನಲ್ಲಿ ಮ್ಯಾಟ್ ರೋವೆಲ್, ನೋವಾ ಆಂಡರ್ಸನ್ ಇಬ್ಬರನ್ನೂ ಮೊದಲ ಎರಡು ಆಯ್ಕೆಯಲ್ಲಿ ತೆಗೆದುಕೊಂಡರು. ಇಬ್ಬರೂ ಮೆಲ್ಬರ್ನ್‌ನ ಒಂದೇ ಸ್ಕೂಲಿನವರು, ಸಣ್ಣವರಿದ್ದಾಗಿನಿಂದ ದೋಸ್ತಿಗಳು. ಕ್ಲಬ್ ಮೊದಲ ಸಲ ನಾಕೌಟ್ ಹಂತ ಕಂಡಿದ್ದೇ 2025ರಲ್ಲಿ, ಅಲ್ಲಿವರೆಗೆ ಬರೀ ಸೋಲು, ಆದರೂ ಇಬ್ಬರೂ ಕದಲಲಿಲ್ಲ. ಆಂಡರ್ಸನ್ ಈಗ ಕ್ಯಾಪ್ಟನ್, ರೋವೆಲ್ 2025ರ ಬ್ರೌನ್‌ಲೋ ಗೆದ್ದ. ಸೋಲುವ ಟೀಮಲ್ಲೂ ಜನ ಇರುತ್ತಾರೆ ಸ್ವಾಮಿ, ಜೊತೆಗೆ ಊಟಕ್ಕೆ ಕೂರೋಕೆ ಒಬ್ಬ ಗೆಳೆಯ ಇರಬೇಕು.

ಕಾಫಿ_ಮತ್ತು_ಕರಿಮೆಣಸು

ನನಗೆ ಫುಟ್‌ಬಾಲ್ ಅಷ್ಟು ಗೊತ್ತಿಲ್ಲ, ಮಗಳು ಬ್ರಿಸ್ಬೇನ್‌ನಲ್ಲಿ ಓದಿದ್ದಾಳೆ, ಅವಳಿಂದ ಕೇಳಿದ್ದು, ಆಮೇಲೆ ಓದಿದ್ದು. ಆದರೆ ಜನ ಯಾಕೆ ಬಿಟ್ಟು ಹೋಗುತ್ತಾರೆ ಅನ್ನೋದು ನಲವತ್ತು ವರ್ಷದಿಂದ ಡಿಸೆಂಬರ್ ಬಂದರೆ ನನ್ನ ತಲೆನೋವು.

ಕೊಯ್ಲಿಗೆ ಎಲ್ಲಾ ತೋಟದಲ್ಲೂ ಕೂಲಿ ಹೆಚ್ಚುಕಮ್ಮಿ ಒಂದೇ, ನಿಮ್ಮ ಆ ಸಂಬಳದ ಮಿತಿ ಇದ್ದ ಹಾಗೆ. ಕಿಲೋಗೆ ಐವತ್ತು ಪೈಸೆ ಏರಿಸಿದರೆ ಪಕ್ಕದವರೂ ಮಾರನೇ ದಿನ ಏರಿಸುತ್ತಾರೆ. ಒಂದು ವರ್ಷ ನಮ್ಮಲ್ಲಿ ಮೂರು ಸಂಸಾರ ಒಟ್ಟಿಗೆ ಹೋಯಿತು. ಕೂಲಿಗೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಕೂಲಿಯವರ ಲೈನ್ ಮನೆಯ ಕೊನೇ ರೂಮಲ್ಲಿ ಹೆಂಚು ಒಡೆದು ಒಂದು ಮಳೆಗಾಲ ಪೂರ್ತಿ ಮಗುವಿನ ತೊಟ್ಟಿಲ ಪಕ್ಕ ಪಾತ್ರೆ ಇಟ್ಟು ಮಲಗಿದ್ದರು. ತೋಟದ ಲೆಕ್ಕ ನೋಡೋ ರೈಟರ್‌ಗೆ ಎರಡು ಸಲ ಹೇಳಿದ್ದರಂತೆ. ನನ್ನವರೆಗೆ ಬರಲೇ ಇಲ್ಲ. ಈಗ ಮೇ ತಿಂಗಳಲ್ಲಿ ನಾನೇ ಏಣಿ ಹಿಡಿದು ನಿಲ್ಲುತ್ತೇನೆ, ಮನೆಯವರು ಬೈದರೂ.

ಬ್ರಿಸ್ಬೇನ್‌ನಲ್ಲಿ ಆಗಿದ್ದೂ ಇದೇ ಅನಿಸುತ್ತೆ. 2013ರ ಕೊನೆಗೆ ಒಂದೇ ಸಲ ಐದು ಹುಡುಗರು ಹೋದರು, ಡೊಕರ್ಟಿ, ಯೋ, ಪೊಲೆಕ್, ಲಾಂಗರ್, ಕಾರ್ನೆಜಿಸ್. ಎಲ್ಲಾ ಊರಿಗೆ ಹೋಗುತ್ತೇವೆ ಅಂದವರು. ಪರ್ತ್‌ನ ವೆಸ್ಟ್ ಕೋಸ್ಟ್ ಕ್ಲಬ್‌ಗೆ ಹೋದ ಯೋನನ್ನು ನಾನು ವಿಕ್ಟೋರಿಯಾದವನು ಅಂದುಕೊಂಡಿದ್ದೆ, ಅವನು ಪರ್ತ್ ಕಡೆಯವನೇ. ಮಗಳು ತಿದ್ದಿದಳು. ಇರಲಿ. 2017ಕ್ಕೆ ಕ್ರಿಸ್ ಫೇಗನ್ ಕೋಚ್ ಆಗಿ ಬಂದ. ಟ್ಯಾಸ್ಮೇನಿಯಾದವನು, ಎಎಫ್‌ಎಲ್‌ನಲ್ಲಿ ಒಂದೂ ಮ್ಯಾಚ್ ಆಡಿದವನಲ್ಲ. ಅದರ ಮುಂದಿನ ವರ್ಷ ಹಾಥಾರ್ನ್‌ನ ಹಳೇ ಕ್ಯಾಪ್ಟನ್ ಲ್ಯೂಕ್ ಹಾಡ್ಜ್‌ನನ್ನು ಕರೆಸಿದರು. ವಯಸ್ಸಾಗಿತ್ತು, ಎರಡು ಸೀಸನ್ ಆಡಿದ ಅಷ್ಟೇ. ನನ್ನ ಪ್ರಕಾರ ಅವನನ್ನು ತಂದಿದ್ದೇ ಸಣ್ಣವರನ್ನು ನೋಡಿಕೊಳ್ಳೋಕೆ. ತೋಟದಲ್ಲಿ ಒಳ್ಳೆ ಮೇಸ್ತ್ರಿ ಇದ್ದ ಹಾಗೆ. ವಿಕ್ಟೋರಿಯಾದ ಮೆಕ್ಲಗೇಜ್, ರೇನರ್ ಈ ಕಾಲದಲ್ಲಿ ಡ್ರಾಫ್ಟ್ ಆದವರು, ಇಬ್ಬರೂ ಉಳಿದರು, 2024, 2025 ಎರಡೂ ಕಪ್ ಗೆದ್ದರು. ಊರು ಬದಲಾಗಿಲ್ಲ, ದೂರ ಬದಲಾಗಿಲ್ಲ, ಹೆಂಚು ಬದಲಾಯಿತು.

ಹಳೇ_ಲೆಫ್ಟ್‌ಔಟ್

ಕಾಫಿ ಮಾವ, ಸರಿಯಾಗಿ ಹೇಳಿದಿರಿ. ಒಂದು ಸೇರಿಸುತ್ತೇನೆ. ಅಲ್ಲಿ ಅಪ್ಪ–ಮಗ ನಿಯಮ ಅಂತ ಒಂದಿದೆ. ಅಪ್ಪ ಒಂದು ಕ್ಲಬ್‌ಗೆ 100 ಮ್ಯಾಚ್ ಆಡಿದ್ದರೆ ಮಗನನ್ನು ಪಡೆಯೋಕೆ ಆ ಕ್ಲಬ್‌ಗೆ ಮೊದಲ ಹಕ್ಕು. ಆಬ್ಲೆಟ್ ಹಾಗೆ ಬಂದವನು, ಕಾಲಿಂಗ್‌ವುಡ್‌ನ ಡೇಕಾಸ್ ಅಣ್ಣ ತಮ್ಮ ಹಾಗೆ, ಬ್ರಿಸ್ಬೇನ್‌ನ ಆಶ್‌ಕ್ರಾಫ್ಟ್ ಹುಡುಗರೂ ಹಾಗೆ. ಇಂಥವರನ್ನು ಕದಲಿಸೋದು ಕಷ್ಟ. ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ, 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದ ಕೊಡವ ಹಾಕಿ ಹಬ್ಬದಲ್ಲಿ ಮನೆಹೆಸರೇ ಟೀಮು. ಬೇರೆ ಒಕ್ಕದವರು, ಅಂದರೆ ಬೇರೆ ಮನೆತನದವರು, ಶೂ ಅಲ್ಲ, ಜೀಪ್ ಕೊಡಿಸಿದರೂ ನೀನು ಅವರಿಗೆ ಆಡೋ ಹಾಗಿಲ್ಲ.

ಖಾರ ಅವರೇ, ಒಬ್ಬ ಸ್ಟಾರ್‌ನನ್ನು ದುಡ್ಡು ಸುರಿದು ಕಟ್ಟಿಹಾಕೋದೂ ಒಂದು ರೋಗ. ಸಿಡ್ನಿ 2013ರ ಕೊನೆಗೆ ಬಡ್ಡಿ ಫ್ರಾಂಕ್ಲಿನ್‌ಗೆ 9 ವರ್ಷಕ್ಕೆ 1 ಕೋಟಿ ಡಾಲರ್ ಒಪ್ಪಂದ ಮಾಡಿತು. ಒಬ್ಬನಿಗೆ ಅಷ್ಟು ಕೊಟ್ಟರೆ ಉಳಿದವರ ತಟ್ಟೆಗೆ ಕಡಿಮೆ ಬೀಳುತ್ತೆ. 2016ರಲ್ಲಿ ಟಾಮ್ ಮಿಚೆಲ್ ಸಿಡ್ನಿ ಬಿಟ್ಟು ಹಾಥಾರ್ನ್‌ಗೆ ಹೋದ, ಎರಡೇ ವರ್ಷಕ್ಕೆ ಬ್ರೌನ್‌ಲೋ ಗೆದ್ದ. ಫ್ರಾಂಕ್ಲಿನ್ ಸಿಡ್ನಿಗೆ ಗೋಲು ಹೊಡೆದಿದ್ದಕ್ಕೆ ಲೆಕ್ಕ ಇಲ್ಲ, ಕಪ್ ಮಾತ್ರ ಬರಲಿಲ್ಲ.

ಸೋಮವಾರಪೇಟೆ_ಖಾರ

ಹೆಂಚಿನ ಮಾತು ಒಪ್ಪಿದೆ. ಗೆದ್ದರೆ ಹೆಂಚು ಹಾಕಿಸೋಕೆ ದುಡ್ಡು ಬರುತ್ತೆ ಅನ್ನೋದು ನನ್ನ ವಾದ, ಅದನ್ನು ಬಿಡಲ್ಲ.

ಗೋಣಿಕೊಪ್ಪ_ಗೋಲಿ

ಎಲ್ಲರಿಗೂ ಥ್ಯಾಂಕ್ಸ್. ಕಾಫಿ ಮಾವನ ಪೋಸ್ಟ್ ಓದಿ ನಿನ್ನೆ ಸಂಜೆ ಆ ಹುಡುಗನ ಮನೆಗೆ ಹೋಗಿದ್ದೆ. ಜಗಳಕ್ಕಲ್ಲ, ಸುಮ್ನೆ. ಅವನ ಅಮ್ಮ ಕಾಫಿ ಕೊಟ್ಟು ಹಳೇ ಶೂ ತಂದು ತೋರಿಸಿದರು. ಎರಡು ನಂಬರ್ ಸಣ್ಣದು, ಹಿಮ್ಮಡಿ ಕತ್ತರಿಸಿ ಹಾಕಿಕೊಳ್ಳುತ್ತಿದ್ದ. ಒಂದು ಸೀಸನ್ ಪೂರ್ತಿ ನಮ್ಮ ಕಣ್ಣೆದುರೇ ಹಾಗೆ ಓಡಿದ್ದಾನೆ, ನಾವು ಅವನು ಕುಂಟುತ್ತಾನೆ ಅಂತ ಫಿಸಿಯೋ ಎಕ್ಸರ್‌ಸೈಜ್ ಹೇಳಿಕೊಟ್ಟಿದ್ದೆವು. ಅವನು ಆ ಟೀಮಲ್ಲೇ ಆಡಲಿ. ಇನ್ನೂ ಹದಿನಾಲ್ಕು ಹುಡುಗರಿದ್ದಾರೆ, ಭಾನುವಾರ ಎಲ್ಲರ ಕಾಲಿನ ಅಳತೆ ತೆಗೆದುಕೊಳ್ಳುತ್ತೇನೆ.

ಹಳೇ_ಲೆಫ್ಟ್‌ಔಟ್

ನನ್ನ ಹತ್ತಿರ ಏಳು ನಂಬರಿನದು ಎರಡು ಜೊತೆ ಇದೆ, ಟರ್ಫ್ ಶೂ, ಜಾಸ್ತಿ ಸವೆದಿಲ್ಲ. ಪೊನ್ನಂಪೇಟೆಗೆ ಯಾರಾದರೂ ಬರುವವರಿದ್ದರೆ ಹೇಳಿ.