ಪಾರ್ಕಿನ ಗೋಡೆ ಮೇಲೆ ನೀರಿನ ಚಿತ್ರ: ಬುಡದಲ್ಲಿ ಉಪ್ಪು, ಬಣ್ಣ ನಿಲ್ಲುತ್ತಾ?

ಕೋಟೆಬೀದಿ (ಪ್ರಶ್ನೆ)
ಚಿತ್ರದುರ್ಗದಲ್ಲಿ ನಮ್ಮ ಬಡಾವಣೆಯ ಪಾರ್ಕ್ ಕಾಂಪೌಂಡ್: ಉದ್ದ 72 ಅಡಿ, ಎತ್ತರ 6 ಅಡಿ, ಪಶ್ಚಿಮಕ್ಕೆ ಮುಖ. ಇಟ್ಟಿಗೆ ಗೋಡೆ, ಸಿಮೆಂಟ್ ಪ್ಲಾಸ್ಟರ್, ಮೇಲೆ ಹಳೇ ಸುಣ್ಣ. ಶುದ್ಧ ನೀರು, ಹಸಿರು ಅನ್ನೋ ವಿಷಯದ ಮೇಲೆ ಚಿತ್ರ ಬರೆಸಬೇಕು ಅಂತ ಸಂಘದಲ್ಲಿ ತೀರ್ಮಾನ ಆಗಿದೆ. ಆದರೆ ಬುಡದಿಂದ ಒಂದೂವರೆ ಅಡಿವರೆಗೆ ಬಿಳಿ ಉಪ್ಪು ಬಂದು ಪ್ಲಾಸ್ಟರ್ ಪುಡಿಪುಡಿಯಾಗಿ ಉದುರ್ತಿದೆ. ಅಲ್ಲಿಗೆ ವಾಟರ್‌ಪ್ರೂಫ್ ಕೋಟ್ ಹೊಡೆದು ಮೇಲೆ ಬರೆಸಿದರೆ ಸಾಕಾ? ಬಣ್ಣ ಎಷ್ಟು ಬೇಕು? ಗೋಡೆ ಬುಡಕ್ಕೆ ಬಳ್ಳಿ ಹಾಕೋಣ ಅಂತಲೂ ಕೆಲವರು ಹೇಳ್ತಿದ್ದಾರೆ.

ಗಾರೆಕೆಲಸ
ವಾಟರ್‌ಪ್ರೂಫ್ ಕೋಟ್ ಬೇಡವೇ ಬೇಡ ಸರ್. ತೇವ ನೆಲದಿಂದ ಮೇಲೇರ್ತಿದೆ. ಮುಂದಿನ ಮೈ ಮುಚ್ಚಿದರೆ ಅದು ಕೋಟ್ ಮುಗಿದ ಜಾಗದ ಮೇಲಕ್ಕೆ ಹತ್ತಿ, ಎರಡೂವರೆ ಮೂರು ಅಡಿ ಎತ್ತರದಲ್ಲಿ, ಅಂದರೆ ಸರಿಯಾಗಿ ಚಿತ್ರದ ನಡುವೆ ಉಪ್ಪು ಉಬ್ಬಿಸುತ್ತೆ.

ಮೊದಲು ಪಾರ್ಕಿನ ಒಳಗಡೆ ಹೋಗಿ ನೋಡಿ. ಹೂವಿನ ಪಾತಿ ಮಣ್ಣು ಗೋಡೆಗೆ ಒರಗಿಸಿ ಏರಿಸಿರೋ ಸಾಧ್ಯತೆ ಜಾಸ್ತಿ. ಆ ಮಣ್ಣನ್ನು ಗೋಡೆಯಿಂದ ಎರಡು ಅಡಿ ಹಿಂದಕ್ಕೆ ಸರಿಸಿ, ಪಾತಿಗೆ ಬಿಟ್ಟ ನೀರು ಗೋಡೆ ಕಡೆ ಹರಿಯದಂತೆ ಇಳಿಜಾರು ಕೊಡಿ. ಇದೇ ಕಾರಣಕ್ಕೆ ಬಳ್ಳಿಯೂ ಬುಡದಲ್ಲಿ ಬೇಡ. ದಿನಾ ನೀರು ಹಾಕಿದರೆ ಉಪ್ಪಿಗೆ ದಿನಾ ಊಟ ಹಾಕಿದ ಹಾಗೆ. ಗಿಡ ಬೇಕೇ ಬೇಕು ಅಂದರೆ ಹೊಂಗೆ, ಬೇವು ಇಡಿ, ಗೋಡೆಯಿಂದ 10 ಅಡಿ ಆಚೆ.

ಉಪ್ಪನ್ನು ಒಣ ತಂತಿ ಬ್ರಶ್‌ನಲ್ಲಿ ಕೆರೆದು, ಗುಡಿಸಿ ದೂರ ಹಾಕಿ. ನೀರಲ್ಲಿ ತೊಳೆದರೆ ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತೆ. ಉಪ್ಪಿನ ಗೆರೆಗಿಂತ ಒಂದು ಅಡಿ ಮೇಲಿನವರೆಗೆ ಸಡಿಲ ಪ್ಲಾಸ್ಟರ್ ತೆಗೆದು ಹೊಸದು ಹಾಕಿಸಿ. ಕಲಸೋಕೆ ಬೋರ್‌ನ ಗಡಸು ನೀರು ಬೇಡ, ನಲ್ಲಿ ನೀರೇ ಇರಲಿ. 7 ದಿನ ಕ್ಯೂರಿಂಗ್, ಅಂದರೆ ನೀರು ಹಾಕಿ ಹಸಿಯಾಗಿಡೋದು. ಬಣ್ಣಕ್ಕೆ 28 ದಿನ ಕಾಯಲೇಬೇಕು, ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ಸುಡುತ್ತೆ.

ಒಣಗಿದೆಯಾ ಅಂತ ನೋಡೋಕೆ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಚ್ಚಿ 24 ಗಂಟೆ ಬಿಡಿ. ಒಳಮೈಯಲ್ಲಿ ಬೆವರಿದ್ದರೆ ಇನ್ನೂ ಕಾಯಿರಿ.

ಇಷ್ಟಾದರೂ ಕೆಳಗಿನ ಎರಡು ಅಡಿಗೆ ಅಕ್ರಿಲಿಕ್ ಎಮಲ್ಷನ್ ಬಣ್ಣ ಹಚ್ಚಬೇಡಿ. ಹಳೇ ಮನೆಗಳ ಹಾಗೆ ಸುಣ್ಣಕ್ಕೆ ಕೆಮ್ಮಣ್ಣು ಕಲಸಿ ಪಟ್ಟಿ ಬಳಿಸಿ. ಸುಣ್ಣದ ಮೈ ಉಸಿರಾಡುತ್ತೆ, ತೇವ ಹೊರಗೆ ಹೋಗುತ್ತೆ. 10 ಕೆಜಿ ಸುಣ್ಣಕ್ಕೆ 1 ಕೆಜಿ ಕೆಮ್ಮಣ್ಣು. ಸುಣ್ಣಕ್ಕೆ ಉಪ್ಪು ಹಾಕೋ ವಾಡಿಕೆ ಇದೆ, ಈ ಗೋಡೆಗೆ ಅದು ಬೇಡ. ವರ್ಷಕ್ಕೊಂದು ಸಲ ಮತ್ತೆ ಬಳಿದರಾಯ್ತು.

ಬಣ್ಣದಡಬ್ಬಿ
ಹಾಗಾದರೆ ಚಿತ್ರಕ್ಕೆ ಉಳಿಯೋದು 72 × 4, ಅಂದರೆ 288 ಚದರಡಿ. ಎಕ್ಸ್‌ಟೀರಿಯರ್ ಪ್ರೈಮರ್ ಒಂದು ಕೋಟ್‌ಗೆ 4 ಲೀಟರ್, ಎಮಲ್ಷನ್ ಎರಡು ಕೋಟ್‌ಗೆ 6 ಲೀಟರ್ ಹಿಡಿಯಿರಿ. ಒರಟು ಗೋಡೆಯಾದರೆ ಒಂದೊಂದು ಲೀಟರ್ ಜಾಸ್ತಿ.

ಹಳೇ ಸುಣ್ಣವನ್ನು ಪೂರ್ತಿ ಕೆರೆಯದೆ ಪ್ರೈಮರ್ ಹೊಡೆಯಬೇಡಿ, ಸಿಪ್ಪೆ ಏಳುತ್ತೆ. ಟೇಪ್ ಅಂಟಿಸಿ ಜಗ್ಗಿ ನೋಡಿ. ಟೇಪಿಗೆ ಬಿಳಿ ಪುಡಿ ಬಂತು ಅಂದರೆ ಕೆರೆಯೋದು ಇನ್ನೂ ಮುಗಿದಿಲ್ಲ.

ಬಿಳಿ ಬಣ್ಣಕ್ಕೆ ಸ್ಟೇನರ್ (ಬೆರೆಸೋ ಗಟ್ಟಿ ಬಣ್ಣ) ಟ್ಯೂಬ್ ಸುರಿದು ಗಾಢ ಬಣ್ಣ ಮಾಡೋಕೆ ಹೋಗಬೇಡಿ. ಅತಿಯಾದರೆ ಬಣ್ಣ ಸರಿಯಾಗಿ ಒಣಗದೆ ಕೈಗೆ ಹತ್ತುತ್ತೆ. ಗಾಢ ನೀಲಿ, ಗಾಢ ಹಸಿರು ಅಂಗಡಿ ಮೆಷಿನ್‌ನಲ್ಲೇ ಮಿಕ್ಸ್ ಮಾಡಿಸಿ. ಪಶ್ಚಿಮದ ಬಿಸಿಲಿಗೆ ಮೊದಲು ಹೋಗೋದು ಹೊಳೆಯೋ ಹಳದಿ ಮತ್ತು ಕೆಂಪು. ಅಂಥ ಹಳದಿಗೆ ನೀಲಿ ಬೆರೆಸಿ ಎಲೆ ಬರೆದಿದ್ದರೆ ಹಳದಿ ಸತ್ತು ನೀಲಿ ಉಳಿಯುತ್ತೆ, ಬೇವಿನ ಎಲೆಯೆಲ್ಲ ನೀಲಿ! ಎಲೆಯ ಹಸಿರಿಗೆ ಯೆಲ್ಲೋ ಆಕ್ಸೈಡ್, ಮಣ್ಣಿಗೆ ರೆಡ್ ಆಕ್ಸೈಡ್ (ಎರಡೂ ಕಬ್ಬಿಣದ ಆಕ್ಸೈಡ್ ಬಣ್ಣ) ಬಳಸಿದರೆ ಬಾಳುತ್ತೆ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ಈ ಗೋಡೆಗೆ ಬೆಳಗ್ಗೆಯೇ ಕೆಲಸ. ಮಧ್ಯಾಹ್ನದ ಮೇಲೆ ಕಾದ ಗೋಡೆಗೆ ಬ್ರಶ್ ಇಟ್ಟರೆ ಎಳೆಯೋಷ್ಟರಲ್ಲಿ ಬಣ್ಣ ಒಣಗಿ ಗೆರೆ ನಿಲ್ಲುತ್ತೆ.

ಹೊಂಡದಮೆಟ್ಟಿಲು
ಏನು ಬರೆಸ್ತೀರಿ ಅನ್ನೋದನ್ನು ಯಾರೂ ಕೇಳಲಿಲ್ಲ. ಎರಡು ಕೈ ನಡುವೆ ಭೂಮಿ, ಹನಿಯೊಳಗೆ ಮರ, ಇದು ಪ್ರತಿ ಊರಿನ ಗೋಡೆ ಮೇಲೂ ಇದೆ. ದುರ್ಗದ ಗೋಡೆಗೆ ದುರ್ಗದ ನೀರೇ ಬರಲಿ. ಕೋಟೆಯ ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ-ತಂಗಿಯರ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ ಇಳಿಯುವ ಏರ್ಪಾಟು ಅದು. ಉದ್ದ ಗೋಡೆಗೆ ಹೇಳಿ ಮಾಡಿಸಿದ ಚಿತ್ರ. ಒಂದೊಂದು ಹೊಂಡಕ್ಕೆ 15 ಅಡಿ, ಒಂದರಿಂದ ಇನ್ನೊಂದಕ್ಕೆ 9 ಇಂಚು ಇಳಿತ. ಉಳಿದ 12 ಅಡಿಗೆ ವಾಣಿ ವಿಲಾಸ ಸಾಗರ, 1907ರಲ್ಲಿ ಮುಗಿದ ಕಟ್ಟೆ. 1933 ಆದಮೇಲೆ 2022ರಲ್ಲಿ ಕೋಡಿ ಬಿತ್ತಲ್ಲ, ಆ ಕೋಡಿಯನ್ನೇ ಬರೆಸಿ.

ಕಾಗದದ ಮೇಲೆ ಅರ್ಧ ಇಂಚಿಗೆ ಒಂದು ಅಡಿ ಲೆಕ್ಕ ಇಟ್ಟರೆ 36 × 2 ಇಂಚಿನ ಪಟ್ಟಿ ಸಾಕು. ಗೋಡೆಗೆ ಬಂಡೆ ಬಣ್ಣದ ಬೇಸ್ ಹೊಡೆದು, ದಾರಕ್ಕೆ ಸೀಮೆಸುಣ್ಣದ ಪುಡಿ ಹಚ್ಚಿ ಒಂದೊಂದು ಅಡಿ ಚೌಕ ಮೂಡಿಸಿ. ಕೆಮ್ಮಣ್ಣು ಹಚ್ಚಿದ ದಾರ ಬೇಡ, ತಿಳಿ ಬಣ್ಣದ ಅಡಿಯಿಂದ ಗೆರೆ ಇಣುಕುತ್ತೆ.

ನಗರಸಭೆಯ ಲಿಖಿತ ಅನುಮತಿ ಮೊದಲು. ಸಾರ್ವಜನಿಕ ಸ್ಥಳ ವಿರೂಪ ತಡೆಗೆ 1981ರ ರಾಜ್ಯ ಕಾಯ್ದೆಯೇ ಇದೆ. ಕೋಟೆ ಗೋಡೆ, ಬಂಡೆಗೆ ಮಾತ್ರ ಯಾರೂ ಬ್ರಶ್ ಮುಟ್ಟಿಸಬಾರದು, ಅದು ಸಂರಕ್ಷಿತ ಸ್ಮಾರಕ.

ಕೋಟೆಬೀದಿ
ಎಲ್ಲರಿಗೂ ತುಂಬಾ ಧನ್ಯವಾದ. ಹೊಂಡದ ಯೋಚನೆಯನ್ನೇ ಸಂಘದ ಮುಂದೆ ಇಡ್ತೀನಿ. ಒಂದು ಅನುಮಾನ: ಗೋಡೆ ಮುಂದೆಯೇ ಮಳೆನೀರಿನ ಚರಂಡಿ ಇದೆ. ಬ್ರಶ್ ತೊಳೆದ ನೀರು ಎಲ್ಲಿ ಚೆಲ್ಲೋದು?

ಬಣ್ಣದಡಬ್ಬಿ
ಚರಂಡಿಗೆ ಒಂದು ತೊಟ್ಟೂ ಬೇಡ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ಕೇ, ಮಳೆ ಬಂದರೆ ನೇರ ಕೆರೆಗೆ. ಮೊದಲು ಬ್ರಶ್ಶನ್ನು ಹಳೇ ಪೇಪರ್‌ಗೆ ಒರೆಸಿ, ಆಮೇಲೆ ಮೂರು ಬಕೆಟ್‌ನಲ್ಲಿ ಒಂದಾದ ಮೇಲೊಂದು ಅದ್ದಿ ತೊಳೆಯಿರಿ. ಕಡೇ ಬಕೆಟ್ ನೀರು ತಿಳಿಯಾಗೇ ಇರುತ್ತೆ, ಅದನ್ನೇ ಮಾರನೇ ದಿನ ಮೊದಲ ತೊಳೆತಕ್ಕೆ ಬಳಸಿ.

ಸಂಜೆ ಕೊಳೆ ನೀರಿಗೆ ಪಟಿಕದ ಪುಡಿ ಹಾಕಿ ಕಲಕಿ, ಆಮೇಲೆ ಸ್ವಲ್ಪ ಸುಣ್ಣ. ಕುಡಿಯೋ ನೀರಿನ ಘಟಕದಲ್ಲಿ ಕೆಸರು ಕೂರಿಸೋದೂ ಪಟಿಕದಿಂದಲೇ. ಬೆಳಗ್ಗೆಗೆ ಬಣ್ಣ ಮೊಸರಿನ ಹಾಗೆ ಗಟ್ಟಿಯಾಗಿ ತಳ ಸೇರಿರುತ್ತೆ. ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆ ಮೇಲೆ ಉಳಿದದ್ದನ್ನು ಒಣಗಿಸಿ ಒಣ ಕಸದ ಗಾಡಿಗೆ ಕೊಡಿ. ಸೋಸಿದ ನೀರು ಇನ್ನೂ ಮಸುಕಾಗಿದ್ದರೆ ಇನ್ನೊಂದು ಚಮಚ ಪಟಿಕ ಹಾಕಿ ಮತ್ತೊಂದು ರಾತ್ರಿ ಬಿಡಿ.