ಡಂಬೆಲ್ ನಿಧಾನಕ್ಕೆ ಇಳಿಸಿದರೆ ಮಸಲ್ ಜಾಸ್ತಿ ಬೆಳೆಯುತ್ತಾ? ಮಾಡಿ ನೋಡಿದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ, ಮನೆಯಲ್ಲೇ ವ್ಯಾಯಾಮ ಮಾಡುತ್ತೇನೆ. ಇರುವುದು 5 ಕೆಜಿಯ ಒಂದು ಜೊತೆ ಡಂಬೆಲ್ ಮಾತ್ರ. ಹಿಂದೆ ಜಿಮ್‌ನಲ್ಲಿ ಹೇಳಿಕೊಟ್ಟವರು, "ಒಂದು ಸೆಟ್ (ನಡುವೆ ನಿಲ್ಲಿಸದೆ ಮಾಡುವ ಒಂದು ಸುತ್ತು) 40ರಿಂದ 60 ಸೆಕೆಂಡ್ ನಡೆಯಲೇಬೇಕು, ಇಲ್ಲದಿದ್ದರೆ ಮಸಲ್ ಬೆಳೆಯಲ್ಲ" ಅಂದಿದ್ದರು. ಹೀಗೆ ಸ್ನಾಯು ಭಾರ ಹೊತ್ತಿರುವ ಒಟ್ಟು ಸಮಯಕ್ಕೆ ಟೈಮ್ ಅಂಡರ್ ಟೆನ್ಷನ್ ಅನ್ನುತ್ತಾರಂತೆ. ಹೀಗೆ ಸೆಕೆಂಡ್ ಎಣಿಸಿಕೊಂಡು ಮಾಡಬೇಕಾ? ನಿಮ್ಮ ಅನುಭವ ತಿಳಿಸಿ.

ಶಿವಮೊಗ್ಗದಿಂದ

ಸರ್, ನನ್ನದು ಕಾಲಿನ ಅನುಭವ. ಮಂಡಿ ಸ್ವಲ್ಪ ಸೂಕ್ಷ್ಮ. ಸ್ಕ್ವಾಟ್ ಮಾಡುವಾಗ ಹಿಂದೆ ಒಂದು ಕುರ್ಚಿ ಇಟ್ಟುಕೊಳ್ಳುತ್ತೇನೆ. ಮೂರು ಎಣಿಸುತ್ತಾ ಇಳಿದು, ಕುರ್ಚಿ ತಾಗಿತು ಅನ್ನುವಾಗ ಏಳುತ್ತೇನೆ. ಪೂರ್ತಿ ಕೂರುವುದಿಲ್ಲ. ಹೀಗೆ ಮಾಡಿದರೆ ಮಂಡಿ ತಂಟೆ ಮಾಡುವುದಿಲ್ಲ, ತೊಡೆಗೆ ಕೆಲಸ ಬೀಳುವುದೂ ಚೆನ್ನಾಗಿ ಗೊತ್ತಾಗುತ್ತದೆ. ದಪ್ಪ ಆಯ್ತಾ ಅಂತ ಅಳತೆ ಹಿಡಿದಿಲ್ಲ, ಆದರೆ ಮೆಟ್ಟಿಲು ಹತ್ತುವುದು ಸಲೀಸಾಗಿದೆ.

ಹುಬ್ಬಳ್ಳಿಯಿಂದ, ಜಿಮ್‌ನಲ್ಲಿ ಕಲಿಸುವವನು

ದಿನಾ ಕೇಳುವ ಪ್ರಶ್ನೆ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. 60 ಸೆಕೆಂಡ್ ಲೆಕ್ಕಕ್ಕೆ ಜೋತು ಬೀಳಬೇಡಿ ಸರ್.

ಮಸಲ್ ಬೆಳೆಯುವುದು ಅದರ ನಾರುಗಳ ಮೇಲೆ ಬೀಳುವ ಎಳೆತದಿಂದ. ಭಾರ ಹಗುರ ಇದ್ದರೆ ದೇಹ ಮೊದಲು ಕೆಲವೇ ನಾರುಗಳನ್ನು ಕೆಲಸಕ್ಕೆ ಹಚ್ಚುತ್ತದೆ. ಅವು ದಣಿದ ಹಾಗೆಲ್ಲ ಉಳಿದವನ್ನು ಕರೆಯುತ್ತದೆ. ಚೆನ್ನಾಗಿ ಬೆಳೆಯುವ ದೊಡ್ಡ ನಾರುಗಳ ಸರದಿ ಬರುವುದೇ ಕೊನೆಗೆ. ಅದಕ್ಕೇ ಸೆಟ್‌ನ ಕಡೆಯ ನಾಲ್ಕೈದು ರೆಪ್‌ಗಳಿಗೆ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ಅಷ್ಟು ಬೆಲೆ. ಕರ್ಲ್, ಅಂದರೆ ಮೊಣಕೈ ಮಡಿಸಿ ಡಂಬೆಲ್ ಎತ್ತುವ ವ್ಯಾಯಾಮ, ಮಾಡುವಾಗ ಗಮನಿಸಿ. ನೀವು ಜೋರಾಗಿ ಎತ್ತಲು ನೋಡಿದರೂ, ಮೊಣಕೈ ಅರ್ಧ ಮಡಿಸಿದ ಜಾಗದಲ್ಲಿ ಡಂಬೆಲ್ ತಾನಾಗಿಯೇ ತಡೆದು ತಡೆದು ಮೇಲೆ ಬರುತ್ತದೆ, ತೋಳು ಸಣ್ಣಗೆ ನಡುಗುತ್ತದೆ. ಆ ನಿಧಾನ ಬೇಕು. ದಣಿವೇ ಆಗದೆ, ಸುಮ್ನೆ ಬೇಕಂತಲೇ ನಿಧಾನ ಮಾಡಿ 60 ಸೆಕೆಂಡ್ ತುಂಬಿಸಿದರೆ ಅಷ್ಟು ಫಲ ಇಲ್ಲ.

ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ಈ ವಿಷಯಕ್ಕೆ ತುಂಬಾ ಜನ ಸಾಕ್ಷಿ ಕೊಡುತ್ತಾರೆ. ಎಂಟು ಯುವಕರು ಕಾಲು ಚಾಚುವ ವ್ಯಾಯಾಮ ಮಾಡಿದರು. ಭಾರ, ಅವರು ಒಂದೇ ಸಲ ಎತ್ತಬಲ್ಲ ಗರಿಷ್ಠದ ಶೇ. 30ರಷ್ಟು ಮಾತ್ರ. ಒಮ್ಮೆ 6 ಸೆಕೆಂಡ್ ಎತ್ತಿ 6 ಸೆಕೆಂಡ್ ಇಳಿಸುತ್ತಾ, ಇನ್ನು ಆಗಲ್ಲ ಅನ್ನುವವರೆಗೆ. ಇನ್ನೊಮ್ಮೆ ಅಷ್ಟೇ ಕೆಲಸವನ್ನು 1 ಸೆಕೆಂಡ್ ಎತ್ತಿ 1 ಸೆಕೆಂಡ್ ಇಳಿಸಿ. ಒಂದು ದಿನ ಕಳೆದ ಮೇಲೆ ನೋಡಿದರೆ, ನಿಧಾನ ಮಾಡಿದಾಗ ಸ್ನಾಯುವಿನಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸ ಜಾಸ್ತಿ ನಡೆದಿತ್ತು. ಸರಿ, ಆದರೆ ವೇಗವಾಗಿ ಮಾಡಿದ್ದನ್ನು ದಣಿಯುವವರೆಗೆ ಮುಂದುವರಿಸಲೇ ಇಲ್ಲ ಅಲ್ವಾ! ಗೆದ್ದಿದ್ದು ಸೆಕೆಂಡೋ ದಣಿವೋ ಅಂತ ಇದರಿಂದ ಹೇಳಲು ಬರುವುದಿಲ್ಲ.

2015ರಲ್ಲಿ ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಒಂದು ರೆಪ್‌ಗೆ ಅರ್ಧ ಸೆಕೆಂಡಿನಿಂದ 8 ಸೆಕೆಂಡಿನವರೆಗೆ ಎಷ್ಟೇ ತೆಗೆದುಕೊಂಡರೂ, ಕೈ ಸೋಲುವವರೆಗೆ ಮಾಡಿದರೆ ಮಸಲ್ ಬೆಳವಣಿಗೆ ಹೆಚ್ಚುಕಮ್ಮಿ ಒಂದೇ. 10 ಸೆಕೆಂಡ್ ದಾಟಿದ ಅತಿ ನಿಧಾನದ ಪದ್ಧತಿ ಹಿಂದೆ ಬೀಳುವಂತೆ ಕಂಡಿತು. ಅಷ್ಟು ನಿಧಾನಕ್ಕೆ ಭಾರ ತೀರಾ ಇಳಿಸಬೇಕಾಗುತ್ತದೆ, ಅದೇ ತೊಂದರೆ ಅಂತ ನನ್ನ ಅನಿಸಿಕೆ.

ಹಾಗಂತ ಎತ್ತಿ ಬಿಸಾಡಿ ಅಂತ ಅಲ್ಲ. ಎತ್ತುವಾಗಿನದಕ್ಕಿಂತ ಇಳಿಸುವಾಗ ಸ್ನಾಯು ಹೆಚ್ಚು ಭಾರ ತಡೆಯಬಲ್ಲದು. ದೊಪ್ಪನೆ ಬಿಟ್ಟರೆ ಅರ್ಧ ವ್ಯಾಯಾಮ ಕೈಬಿಟ್ಟ ಹಾಗೆ. ಎರಡು ಮೂರು ಸೆಕೆಂಡ್‌ನಲ್ಲಿ ಇಳಿಸಿ, ಎತ್ತುವುದು ಸಹಜವಾಗಿರಲಿ. ಇಷ್ಟನ್ನೇ ನಾನು ಕಲಿಸುವುದು. ಪಕ್ಕದಿಂದ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಂಡು ನೋಡಿ. ಬಹಳ ಜನ ಮೇಲಿಂದ ಅರ್ಧದವರೆಗೆ ಚೆನ್ನಾಗಿ ಹಿಡಿದಿರುತ್ತಾರೆ, ಕೊನೆಯ ಒಂದು ಗೇಣು ಜಾರಿಬಿಡುತ್ತದೆ. ಸ್ನಾಯು ಚಾಚಿಕೊಳ್ಳುವ ಜಾಗ ಅದು, ಅಲ್ಲಿ ಬಿಡಬಾರದು.

ಮಂಗಳೂರಿನಿಂದ, 50 ದಾಟಿದವಳು

ಒಂದು ಮಾತು ಸೇರಿಸುತ್ತೇನೆ. ನನಗೆ ಬಿಪಿ ಇದೆ. ನಿಧಾನ ಮಾಡುವಾಗ ಗೊತ್ತೇ ಆಗದ ಹಾಗೆ ಉಸಿರು ಕಟ್ಟಿಬಿಡುತ್ತೇವೆ. ಆಗ ಬಿಪಿ ಸರ್ರನೆ ಏರುತ್ತದೆ. ಹಾಗಾಗಿ ನಾನು ಮನಸ್ಸಿನಲ್ಲಿ ಎಣಿಸುವುದಿಲ್ಲ, ಬಾಯಿಬಿಟ್ಟು "ಒಂದು, ಎರಡು, ಮೂರು" ಅನ್ನುತ್ತೇನೆ. ಮಾತಾಡುತ್ತಾ ಉಸಿರು ಹಿಡಿಯಲು ಆಗುವುದಿಲ್ಲವಲ್ಲ. ಬಿಪಿ ಇರುವವರು ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಹುಬ್ಬಳ್ಳಿ ಸರ್, ಹಾಗಾದರೆ ನನ್ನ 5 ಕೆಜಿಯಲ್ಲಿ ಏನು ಮಾಡಲಿ? ಕರ್ಲ್ 25 ಮಾಡಿದರೂ ಕೈ ಸೋಲುವುದಿಲ್ಲ.

ಹುಬ್ಬಳ್ಳಿಯಿಂದ

ನಿಮಗೇ ನೋಡಿ, ನಿಧಾನ ನಿಜವಾಗಿ ಕೆಲಸಕ್ಕೆ ಬರುವುದು. ನಾಲ್ಕು ಸೆಕೆಂಡ್ ಇಳಿಸಿ, ಕೆಳಗೆ ಒಂದು ಕ್ಷಣ ನಿಲ್ಲಿಸಿ, ಜೋಲಿ ಹೊಡೆಯದೆ ಎತ್ತಿ. 25ರ ಜಾಗದಲ್ಲಿ 15ಕ್ಕೇ ಕೈ ಸೋಲಬಹುದು. ಇನ್ನು ಒಂದೆರಡು ರೆಪ್ ಮಾತ್ರ ಆಗುತ್ತದೆ ಅನ್ನಿಸಿದಾಗ ನಿಲ್ಲಿಸಿದರೆ ಸಾಕು. ಭುಜಕ್ಕೆ, ಡಂಬೆಲ್ ಪಕ್ಕಕ್ಕೆ ಎತ್ತುವ ವ್ಯಾಯಾಮಕ್ಕೆ ತುಂಬಾ ಜನರಿಗೆ 5 ಕೆಜಿಯೇ ಧಾರಾಳ. ಕಾಲಿಗೆ ಮಾತ್ರ ಎಷ್ಟು ನಿಧಾನ ಮಾಡಿದರೂ ಇದು ಸಾಲದು. ಹಿಂದಿನ ಪಾದವನ್ನು ಮಂಚದ ಅಂಚಿನ ಮೇಲಿಟ್ಟು ಒಂಟಿ ಕಾಲಿನಲ್ಲಿ ಇಳಿದು ಏಳಿ. ಬೆನ್ನಿಗೆ ಅಕ್ಕಿ ತುಂಬಿದ ಬ್ಯಾಗ್ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಹೊಸದಾಗಿ ನಿಧಾನ ಇಳಿಸಲು ಶುರು ಮಾಡಿದರೆ ಎರಡನೇ, ಮೂರನೇ ದಿನ ಮೈಕೈ ನೋವು ಜೋರಾಗಿರುತ್ತದೆ, ಹೆದರಬೇಡಿ. ಅದನ್ನೇ ಬೆಳವಣಿಗೆಯ ಗುರುತು ಅಂದುಕೊಳ್ಳುವುದೂ ಬೇಡ. ಮೊದಲ ವಾರ ಒಂದೊಂದು ವ್ಯಾಯಾಮಕ್ಕೆ ಎರಡೇ ಸೆಟ್ ಸಾಕು. ನಿಧಾನಕ್ಕೆ ಇಳಿಸಿದರೂ 25, 30 ಆಗತೊಡಗಿದರೆ ಇಳಿಸುವುದನ್ನು 8 ಸೆಕೆಂಡಿಗೆ ಎಳೆಯಬೇಡಿ, 7.5 ಕೆಜಿಯ ಜೊತೆ ತೆಗೆದುಕೊಳ್ಳಿ.